ಅವ್ವನ ಹನ್ನೊಂದು ವ್ಯೂಹಗಳು

ಅವ್ವನ ಗದ್ದ ಬಿಗಿದಿದೆ ಎಂಬುದು ವಾಣಿಗೆ ಗೊತ್ತಾದದ್ದು ಹತ್ತೂವರೆಯ ಸುಮಾರಿಗೆ, ಯಾರೋ ತಂದ ಸೇವಂತಿಗೆ ಹಾರ ಹಾಕಲು ಹೋಗಿ ಕೈ ತಾಗಿದಾಗ. ಬೆಳಿಗ್ಗೆ ಏಳೂವರೆಗೆ ಇದೇ ಗದ್ದ ಜೋತುಬಿದ್ದು ಬಾಯಿ ತೆರೆದಿತ್ತೆಂದು ಅತ್ತಿಗೆ ಪದ್ಮಶ್ರೀ ಬಿಳಿ ಬಟ್ಟೆಯ ಪಟ್ಟಿ ತಂದು ತಲೆಗೆ ಸೇರಿಸಿ ಕಟ್ಟಿದ್ದಳು. ಈಗ ಆ ಪಟ್ಟಿ ಬಿಚ್ಚಿ ಒಗೆದರೂ ಬಾಯಿ ತೆರೆಯುತ್ತಿರಲಿಲ್ಲ. ಹಾರ ಸರಿಮಾಡುವ ನೆಪದಲ್ಲಿ ವಾಣಿ ಕತ್ತು ಮುಟ್ಟಿದಳು, ಭುಜ ಮುಟ್ಟಿದಳು, ಸೆರಗಿನ ಮರೆಯಲ್ಲಿ ಮೊಣಕೈ ಮಡಚಿ ನೋಡಿದಳು. ಮೊಣಕೈ ಒಂದಿಷ್ಟು ಬಗ್ಗಿ ನಿಂತಿತು. ಮೊದಲು ರೆಪ್ಪೆ, ಆಮೇಲೆ ಗದ್ದ, ಕತ್ತು, ಭುಜ, ಮೊಣಕೈ, ಸೊಂಟ, ಮೊಣಕಾಲು. ಸತ್ತ ಮೇಲೆ ಸ್ನಾಯುಗಳು ಮೇಲಿನಿಂದ ಕೆಳಕ್ಕೆ ಸೆಟೆಯುತ್ತವೆ, ದೇಹವನ್ನು ಹೇಗೆ ಇಟ್ಟಿದ್ದೀರೋ ಹಾಗೇ ಹಿಡಿದುಬಿಡುತ್ತವೆ ಎಂದು ಇಪ್ಪತ್ತೊಂದು ವರ್ಷ ದಾವಣಗೆರೆಯ ಮೆಡಿಕಲ್ ಕಾಲೇಜೊಂದರಲ್ಲಿ ಹುಡುಗ ಹುಡುಗಿಯರಿಗೆ ಬಾಯಿಪಾಠ ಮಾಡಿಸಿದವಳು ಅವಳು. ಆ ಪಾಠ ಸ್ವಂತ ಅವ್ವನ ಎದುರು ಮೂರು ಗಂಟೆ ಹೊತ್ತು ತಲೆಗೇ ಬಂದಿರಲಿಲ್ಲ. ಅವ್ವನನ್ನು ಗೋಡೆಗೆ ಒರಗಿಸಿ, ಮಣೆಯ ಮೇಲೆ ಕಾಲು ಮಡಚಿ ಕೂರಿಸಿದ್ದರು. ದೇಹ ಒಯ್ಯಲು ಮಧ್ಯಾಹ್ನ ಬರಲಿದ್ದ ಕಾಲೇಜಿನ ವ್ಯಾನಿನಲ್ಲಿ ಇದ್ದದ್ದು ಮಲಗಿಸಿ ಒಯ್ಯುವ ಸ್ಟ್ರೆಚರು.

ಲಿಂಗವಂತರ ಮನೆಗಳಲ್ಲಿ ಸತ್ತವರು ಮಲಗುವುದಿಲ್ಲ. ಮೈ ತೊಳೆಸಿಕೊಂಡು, ಹಣೆಗೂ ತೋಳಿಗೂ ವಿಭೂತಿ ಬಳಿಸಿಕೊಂಡು, ಬಂದವರನ್ನು ಮಾತಾಡಿಸುವವರ ಹಾಗೆ ಕೂರುತ್ತಾರೆ. ಕೂತೇ ಮೆರವಣಿಗೆ ಹೋಗುತ್ತಾರೆ, ಹೂಳುವ ಗುಣಿಯೊಳಗೂ ಕೂತೇ ಇರುತ್ತಾರೆ. ಅಪ್ಪ ಹಾಗೆಯೇ ಹೋಗಿದ್ದ. ಅವ್ವ ಮರುಳಸಿದ್ದಮ್ಮ ಹರಿಹರದ ಮಗನ ಮನೆಯಲ್ಲಿ ಬೆಳಗಿನ ಐದರ ಹೊತ್ತಿಗೆ ನಿದ್ದೆಯಲ್ಲೇ ಮುಗಿದಿದ್ದಳು. ಫೋನು ಬಂದದ್ದು ಆರೂವರೆಗೆ. ವಾಣಿ ಸ್ಕೂಟರಿನಲ್ಲಿ ಬಂದು ಬಾಗಿಲಲ್ಲಿ ಚಪ್ಪಲಿ ಬಿಡುವಷ್ಟರಲ್ಲಿ ಸ್ನಾನ ಮಾಡಿಸಿ ಆಗಿತ್ತು. "ವಾಣಿ, ಹಿಡ್ಕಾ ಒಂಚೂರು, ಜಾರ್ತಾಳೆ" ಎಂದ ಅಣ್ಣ ಕರಿಬಸವರಾಜ. ಅವಳು ಎರಡೂ ಹೆಗಲು ಹಿಡಿದಳು. ಅವನು ಅವ್ವನ ಎದೆಗೆ ಸುತ್ತಿದ ಬಟ್ಟೆಯನ್ನು ಹಿಂದಿನ ಗೂಟಕ್ಕೆ ಬಿಗಿದ. ಮಂಚದ ಮೇಲೆ ಮಲಗಿದ್ದಾಗ ಹೆಣದ ಹಾಗೆ ಕಂಡಿದ್ದವಳು ಕೂತಕೂಡಲೇ ಅವ್ವನ ಹಾಗೆ ಕಂಡಳು. ಸಿಮೆಂಟು, ಕಬ್ಬಿಣದ ಅಂಗಡಿಯಲ್ಲಿ ನಾಲ್ಕು ಜನರಿಗೆ ಗದರುವ ಅಣ್ಣ ಬಿಕ್ಕಿ ಬಿಕ್ಕಿ ಅಳುತ್ತಿದ್ದ, ಅವನು ಹಾಗೆ ಅಳುವುದನ್ನು ಅವಳು ಎಂದೂ ನೋಡಿರಲಿಲ್ಲ. ಕಾಲೇಜಿನ ಮಾತು ಎತ್ತಲು ಆಗಲಿಲ್ಲ. ಬೆಳಿಗ್ಗೆ ಫೋನಿನಲ್ಲಿ ಮಾತ್ರ ಅಂದಿದ್ದಳು, ಅವ್ವ ದೇಹ ಕಾಲೇಜಿಗೆ ಬರೆದುಕೊಟ್ಟಾಳೆ, ನಿಂಗೆ ಹೇಳಿರಲಿಲ್ಲ ಅಂತ. "ಅದೆಲ್ಲ ಆಮ್ಯಾಲೆ ಮಾತಾಡಣ, ಮೊದ್ಲು ಬಾ" ಎಂದಿದ್ದ. ಅವಳು ಬಂದಳು, ಎಂಟಕ್ಕೆ ಹಿತ್ತಲಿಗೆ ಹೋಗಿ ಕಾಲೇಜಿಗೆ ಫೋನು ಮಾಡಿದಳು. ಅದೇ ಹೊತ್ತಿಗೆ ಅವನು ಮುಂಬಾಗಿಲಲ್ಲಿ ನಿಂತು ಶಾಮನೂರಿನ ಹೊಲದಲ್ಲಿ ಅಪ್ಪನ ಪಕ್ಕ ಗುಣಿ ತೋಡಲು ಆಳು ಕಳಿಸುತ್ತಿದ್ದ. ಇಬ್ಬರೂ ಒಬ್ಬರಿಗೊಬ್ಬರು ಹೇಳಲಿಲ್ಲ.

ಈಗಲೂ ಹೊತ್ತು ಮೀರಿರಲಿಲ್ಲ. ಸೊಂಟ, ಮೊಣಕಾಲು ಇನ್ನೂ ಸಡಿಲವಾಗೇ ಇದ್ದವು. ಎದ್ದು ನಿಂತು "ಅವ್ವನ್ನ ಮಲಗಿಸ್ರಿ" ಎಂದು ಎರಡು ಮಾತು ಹೇಳಿದರೆ ಸಾಕಿತ್ತು. ನಡುಮನೆಯಲ್ಲಿ, ವಿಧಿ ಮಾಡಿಸಲು ಬಂದಿದ್ದ ಅಯ್ಯನವರ ಸುತ್ತ, ಮೂವತ್ತು ಜನ ಕೂತು ಭಜನೆ ಹೇಳುತ್ತಿದ್ದರು, ಏಪ್ರಿಲ್ ಬಿಸಿಲಿಗೆ ಫ್ಯಾನು ಕುದಿಯುವ ಗಾಳಿಯನ್ನೇ ತಿರುಗಿಸುತ್ತಿತ್ತು, ವಾಣಿ ಅವ್ವನ ಮಣೆಯ ಪಕ್ಕ ಕೂತು ಬಾಯಿ ಮುಚ್ಚಿಕೊಂಡೇ ಇದ್ದಳು. ಈ ಮನೆಯಲ್ಲಿ ಬಾಯಿ ಮುಚ್ಚುವ ಅಭ್ಯಾಸ ಅವಳಿಗೆ ಹಳೆಯದು. ಇಪ್ಪತ್ತೈದರ ವಯಸ್ಸಿನಲ್ಲಿ ಅವಳನ್ನು ನೋಡಲು ಬಂದಿದ್ದ ಹೆಂಗಸೊಬ್ಬಳು ಉಪ್ಪಿಟ್ಟಿನ ತಟ್ಟೆ ಈಸಿಕೊಳ್ಳುವಾಗ ಅವಳ ಅಂಗೈ ಮೂಸಿ, "ಏನೋ ವಾಸ್ನಿ ಬರ್ತತಲ್ಲ" ಎಂದಿದ್ದಳು. ಹೆಣ ಕೆಡದಂತೆ ಹಾಕುವ ಫಾರ್ಮಾಲಿನ್ನಿನ ವಾಸನೆ ಅದು. ಆ ಸಂಬಂಧ ಅಲ್ಲಿಗೆ ಮುಗಿಯಿತು, ಅದರ ಹಿಂದಿನ ನಾಲ್ಕೂ ಹೀಗೆಯೇ ಮುಗಿದಿದ್ದವು. ಅತ್ತಿಗೆ ಪದ್ಮಶ್ರೀ ಕೆಟ್ಟವಳಲ್ಲ, ಆದರೆ ಹಬ್ಬದ ದಿನ ವಾಣಿ ಸೌಟು ಹಿಡಿದರೆ ಸಾಕು, "ನೀ ಕೂಡ್ರು, ನಾ ಬಡಿಸ್ತೀನಿ" ಎಂದು ನಗುತ್ತಲೇ ಕಸಿದುಕೊಳ್ಳುತ್ತಾಳೆ. ಆ ನಗು ವಾಣಿಯ ಎದೆಯಲ್ಲಿ ಇವತ್ತಿಗೂ ಮುಳ್ಳಾಡಿಸುತ್ತದೆ. ನೆಂಟರು "ಡಾಕ್ಟ್ರೇ" ಎನ್ನುತ್ತಾರೆ, ಅವಳು "ಡಾಕ್ಟರಲ್ಲ, ಅನಾಟಮಿ ಟೀಚರ್" ಎಂದು ತಿದ್ದುತ್ತಾಳೆ, ಅವರು "ಓ" ಎಂದು ಮುಖ ತಿರುಗಿಸುತ್ತಾರೆ. ಕಾಲೇಜಿನಲ್ಲಿ ಉಲ್ಟಾ. ಅವಳಿಗಿಂತ ಹತ್ತು ವರ್ಷ ಚಿಕ್ಕವರಾದ ವಿಭಾಗದ ಮುಖ್ಯಸ್ಥರು ಅವಳನ್ನು ಹೊಸಬರಿಗೆ ಪರಿಚಯಿಸುವುದೇ "ವಾಣಿ ಮೇಡಂ, ನಾನ್ ಮೆಡಿಕಲ್" ಎಂದು. ಎಂಬಿಬಿಎಸ್ ಮಕ್ಕಳ ಪಾಠ ಅವಳಿಗಿಲ್ಲ. ನರ್ಸಿಂಗಿನವರಿಗೆ, ಫಿಸಿಯೋದವರಿಗೆ ಮೊದಲ ವಾರದ ಪಾಠ ಅವಳದು: ಮಾನವ ದೇಹದ ಪರಿಚಯ, ಜೀವಕೋಶ ಸೇರಿ ಅಂಗಾಂಶ, ಅಂಗಾಂಶ ಸೇರಿ ಅಂಗ, ಅಂಗ ಸೇರಿ ವ್ಯೂಹ, ಹನ್ನೊಂದು ವ್ಯೂಹ ಸೇರಿ ಮನುಷ್ಯ. ಇಪ್ಪತ್ತೊಂದು ವರ್ಷವೂ ಹೊಸಿಲಲ್ಲೇ ನಿಂತು ಬೇರೆಯವರನ್ನು ಒಳಗೆ ಕಳಿಸುವ ಕೆಲಸ.

ಆ ಪಾಠವನ್ನು ಅವಳು ಮೊದಲು ಒಪ್ಪಿಸಿದ್ದು ಅವ್ವನಿಗೆ. ತಾನಿನ್ನೂ ಓದುತ್ತಿದ್ದಾಗ, ಪರೀಕ್ಷೆಯ ಹಿಂದಿನ ದಿನಗಳಲ್ಲಿ, ಅವ್ವ ಮಂಡಕ್ಕಿ ಆರಿಸುತ್ತ ಕೂತಿರುವಾಗ ಅವಳ ತೋಳು ಹಿಡಿದು ಇದು ಹ್ಯೂಮರಸ್, ಇದು ರೇಡಿಯಸ್, ಇದು ಅಲ್ನಾ ಎಂದು ಒತ್ತಿ ಒತ್ತಿ ಹೇಳುತ್ತಿದ್ದಳು. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟ ಅವ್ವ ಒಂದು ವಾರದಲ್ಲಿ ಹನ್ನೊಂದನ್ನೂ ಬೆರಳಲ್ಲಿ ಎಣಿಸತೊಡಗಿದಳು. ತೊಗಲು, ಎಲುಬು, ಸ್ನಾಯು, ನರ, ಗ್ರಂಥಿ, ರಕ್ತ, ದುಗ್ಧರಸ, ಉಸಿರು, ಜೀರ್ಣ, ಮೂತ್ರ. ಹತ್ತು ಬೆರಳು ಮುಗಿದ ಮೇಲೆ ಉಳಿಯುವ ಸಂತಾನದ್ದಕ್ಕೆ ವಾಣಿಯ ತಲೆ ಮೊಟಕುತ್ತಿದ್ದಳು. "ಇಷ್ಟ್ರಾಗ ಯಜಮಾನ ಯಾರಲೇ?" ಎಂದು ಕೇಳಿದಳು ಒಮ್ಮೆ. ಮೆದುಳು ಎಂದಳು ವಾಣಿ. "ಮೆದುಳಾ? ಅದು ಹೇಳಿದ್ದನ್ನ ನನ್ನ ಮೊಣಕಾಲು ಎಲ್ಲಿ ಕೇಳ್ತೈತೆ?" ಎಂದು ಅವ್ವ ಮೂಗು ಮುರಿದಳು. ಯಾರ ಯಜಮಾನಿಕೆಯನ್ನೂ ಸುಮ್ಮನೆ ಒಪ್ಪಿದ ಹೆಂಗಸಲ್ಲ ಅವಳು.

ನಾಲ್ಕು ವರ್ಷದ ಹಿಂದೆ ಕಾಲೇಜಿನಲ್ಲಿ ಸಾರ್ವಜನಿಕರಿಗೆ ಅಂಗಾಂಗಗಳ ಪ್ರದರ್ಶನ ಇಟ್ಟಾಗ ಅವ್ವ ಬರುತ್ತೇನೆಂದು ಹಟ ಹಿಡಿದು ಬಂದಿದ್ದಳು. ಕಣ್ಣಿಗೆ ಪೊರೆ ಬಂದಿತ್ತು, ಆದ್ದರಿಂದ ಒಂದೊಂದು ಗಾಜಿನ ಜಾಡಿಗೂ ಮೂಗು ತಾಗಿಸಿ ನೋಡಿದಳು. ಹಿಂದೆ ಸಾಲು ನಿಂತ ಹೈಸ್ಕೂಲ್ ಮಕ್ಕಳು ಗೊಣಗಿದರೂ ಪಿತ್ತಕೋಶದ ಮುಂದಿನಿಂದ ಕದಲಲಿಲ್ಲ. "ಇಷ್ಟೆಲ್ಲ ನನ್ನೊಳಗೂ ಐತಾ? ಎಪ್ಪತ್ತು ವರ್ಷ ಇಟ್ಕಂಡು ಒಂದ್ಸಲನೂ ನೋಡಲಿಲ್ಲಲ್ಲೇ" ಎಂದಳು. ಆಮೇಲೆ ಒಳಗೆ, ಹೆಣ ಕೊಯ್ದು ಕಲಿಸುವ ಡಿಸೆಕ್ಷನ್ ಹಾಲಿನ ಅರೆತೆರೆದ ಬಾಗಿಲಲ್ಲಿ, ಬಟ್ಟೆ ಹೊದಿಸಿದ ಮೇಜುಗಳನ್ನು ಕಂಡು, ಅಲ್ಲಿ ಮಲಗಿರೋರು ಯಾರು ಅಂದಳು. ವಾಣಿ ಸಹಜವಾಗಿ, ದಿಕ್ಕಿಲ್ಲದವರು ಅವ್ವ, ಬಸ್‌ ಸ್ಟ್ಯಾಂಡು, ರೈಲ್ವೆ ಸ್ಟೇಷನ್ನಿನಲ್ಲಿ ಸತ್ತವರು, ಯಾರೂ ಬರದಿದ್ದರೆ ಪೊಲೀಸರು ಕೊಡುತ್ತಾರೆ ಎಂದಳು. "ದಿಕ್ಕಿರೋರು ಯಾರೂ ಬರಲ್ವಾ?" ಬರುವುದು ಬಲು ಅಪರೂಪ ಎಂದಳು ವಾಣಿ. ಅವ್ವ ಬಸ್ಸಿನಲ್ಲಿ ಹರಿಹರಕ್ಕೆ ಹೊರಟಳು. ಇಳಿಯುವಾಗ ಮಗಳ ರಟ್ಟೆ ಹಿಡಿದು, "ಅಂದ್ರ, ಡಾಕ್ಟ್ರು ಕಲಿಯಾಕ ಬಡವ್ರ ಹೆಣ ಬೇಕು, ಕಲ್ತಮ್ಯಾಲೆ ನೋಡಾದು ಸಾವ್ಕಾರ್ರನ್ನ. ನಂದು ಬರ್ಕ" ಎಂದಳು.

ವಾಣಿ ಬರೆದುಕೊಂಡಳು. ಮುಖ್ಯಸ್ಥರು ಮೊದಲ ಬಾರಿಗೆ ಅವಳನ್ನು ಎಲ್ಲರ ಎದುರು ಹೊಗಳಿದರು, ಸಿಬ್ಬಂದಿಯ ಮನೆಯಿಂದ ಬಂದ ಮೊದಲ ಅರ್ಜಿ ಎಂದು. ಆ ಹೊಗಳಿಕೆಗೆ ಅವಳ ಮೈ ಹಿಗ್ಗಿತ್ತು. ಅದನ್ನು ನೆನೆದರೆ ಈಗ ತನ್ನ ಮೇಲೇ ಅಸಹ್ಯವಾಗುತ್ತದೆ. ಅರ್ಜಿಯಲ್ಲಿ ಮಗನ ಒಪ್ಪಿಗೆಯ ಸಹಿಯೂ ಬೇಕಿತ್ತು. ಅಣ್ಣನಿಗೆ ಹೇಳುವ ಧೈರ್ಯ ಅವ್ವನಿಗೂ ಇರಲಿಲ್ಲ, ಇವಳಿಗೂ ಇರಲಿಲ್ಲ. ಅವ್ವನ ಕಣ್ಣಿನ ಆಪರೇಷನ್ನಿನ ದಿನ ಆಸ್ಪತ್ರೆಯವರು ಕೊಟ್ಟ ಐದು ಕಾಗದಗಳ ನಡುವೆ ವಾಣಿ ಆರನೆಯದನ್ನು ಸೇರಿಸಿ ಮುಂದಿಟ್ಟಳು. ಅವನು ಫೋನಿನಲ್ಲಿ ಲಾರಿಯವನಿಗೆ ಬೈಯುತ್ತಲೇ ಆರಕ್ಕೂ ಸಹಿ ಹಾಕಿ ಹೋದ. ಅವ್ವ ಅದನ್ನು ನೋಡಿದ್ದಳು. "ಹೇಳಬೇಕಿತ್ತಲೇ ಅವ್ನಿಗೆ" ಎಂದಳು. "ನೀ ಹೇಳವ್ವ" ಎಂದಳು ಇವಳು. ಮೂರು ವರ್ಷ, ನೀ ಹೇಳು, ನೀ ಹೇಳು ಎಂಬುದರಲ್ಲೇ ಕಳೆದು, ಅವ್ವ ತಪ್ಪಿಸಿಕೊಂಡುಬಿಟ್ಟಳು.

ವ್ಯಾನು ಬಂದಾಗ ಒಂದು ಗಂಟೆ. ಅಷ್ಟರಲ್ಲಿ ಅಂಗಳಕ್ಕೆ ಬಾಳೆಕಂಬ, ಚೆಂಡುಹೂ ಕಟ್ಟಿದ ಟ್ರ್ಯಾಕ್ಟರೂ ಬಂದು ನಿಂತಿತ್ತು. ವ್ಯಾನಿನ ಡ್ರೈವರು ಪರಶುರಾಮ್ ಅದನ್ನು ನೋಡಿ ತಬ್ಬಿಬ್ಬಾಗಿ ರಸ್ತೆಯಲ್ಲೇ ಗಾಡಿ ನಿಲ್ಲಿಸಿದ. ಕಾಲೇಜಿನ ಡಿಸೆಕ್ಷನ್ ಹಾಲಿನ ಅಟೆಂಡರ್ ಉಚ್ಚೆಂಗಪ್ಪ ಸ್ಟ್ರೆಚರು ಹಿಡಿದು ಒಳಗೆ ಬಂದ. ಹದಡಿಯಿಂದ ದಿನಾ ಮೊದಲ ಬಸ್ಸಿಗೆ ಬರುವ ಆ ಮನುಷ್ಯ ಮೂವತ್ತು ವರ್ಷಗಳಲ್ಲಿ ಎಷ್ಟು ಹೆಣಗಳನ್ನು ಎತ್ತಿದ್ದಾನೋ ಲೆಕ್ಕವಿಲ್ಲ. ಆದರೂ ಎತ್ತುವ ಮುಂಚೆ ಪ್ರತಿ ಸಲ ಕೈ ಮುಗಿಯುತ್ತಾನೆ. ಭಜನೆ ನಿಂತುಹೋಯಿತು. ಅವನು ಅವ್ವನಿಗೆ ಕೈ ಮುಗಿದು, ಮೊಣಕಾಲಿನ ಮೇಲೆ ಅಂಗೈ ಇಟ್ಟು, ವಾಣಿಯ ಮುಖ ನೋಡಿದ. ಆ ಒಂದು ನೋಟದಲ್ಲಿ ಅವಳ ಇಪ್ಪತ್ತೊಂದು ವರ್ಷದ ಪಾಠ ಮಣ್ಣುಪಾಲಾಯಿತು. "ಕೂಡ್ರಿಸಿಬಿಟ್ಟೀರಲ್ರಿ ಮೇಡಂ" ಎಂದ, ಮೆಲ್ಲಗೆ. ಮೆಲ್ಲಗೆ ಅಂದರೂ ಇಡೀ ನಡುಮನೆಗೆ ಕೇಳಿಸಿತು.

ಕರಿಬಸವರಾಜ ಎದ್ದುಬಂದ. ಅತ್ತು ಕಣ್ಣುಗಳು ಕೆಂಪಾಗಿದ್ದವು. "ಏನಂತಾರೆ?" ಎಂದ. ಉಚ್ಚೆಂಗಪ್ಪ ತಲೆ ಕೆರೆದುಕೊಂಡು, "ಮೈ ಸೆಟದೈತ್ರಿ ಸಾವ್ಕಾರ್ರೆ. ಸ್ಟ್ರೆಚರ್ ಮ್ಯಾಲೆ ಮಲಗಾಕಿಲ್ರಿ" ಎಂದ. ಯಾರೋ ಹಿಂದಿನಿಂದ ಶಿವಶಿವಾ ಎಂದರು. ಅಣ್ಣನ ಮುಖದಲ್ಲಿ ಒಂದು ಸಮಾಧಾನ ಮೂಡಿತು, ಗೆದ್ದವನದ್ದಲ್ಲ, ಹೊರೆ ಇಳಿಸಿದವನದ್ದು. "ನೋಡು ವಾಣಿ, ಅವ್ವನೇ ಒಲ್ಲೆ ಅಂತಾಳೆ. ಕೂಡ್ರಿಸ್ದಂಗ ಕುಂತಾಳೆ. ಇದಕ್ಕಿಂತ ಇನ್ನೇನ್ ಹೇಳಬೇಕು ಆಕಿ? ಟ್ರ್ಯಾಕ್ಟರ್ ರೆಡಿ ಐತೆ. ಎಬ್ಬಿಸಣ" ಎಂದ. ಹೆಂಗಸರು ತಲೆಯಾಡಿಸಿದರು. ಅದು ನಿಜವಿರಬಹುದೇ ಎಂದು ವಾಣಿಗೂ ಒಂದು ಕ್ಷಣ ಅನ್ನಿಸಿತು. ಆಮೇಲೆ ಅವಳಿಗೆ ಸಿಟ್ಟು ಬಂತು. ಅವ್ವ ಬದುಕಿದ್ದಾಗ ಒಲ್ಲೆ ಎಂದದ್ದನ್ನು ಕೇಳದವರು, ಪಿಂಚಣಿ ಅರ್ಜಿಯಿಂದ ಹಿಡಿದು ಸೀರೆಯ ಬಣ್ಣದವರೆಗೆ ತಾವೇ ಗೊತ್ತುಮಾಡಿದವರು, ಈಗ ಸತ್ತ ಸ್ನಾಯುಗಳ ಬಾಯಲ್ಲಿ ಒಲ್ಲೆ ಎನ್ನಿಸುತ್ತಿದ್ದಾರೆ.

"ಅವ್ವ ಒಲ್ಲೆ ಅಂತಿಲ್ಲ. ನಾನೇ ತಪ್ಪು ಮಾಡ್ದೆ. ಮಲಗಿಸ್ರಿ ಅಂತ ಬೆಳಿಗ್ಗೇನೇ ಹೇಳಬೇಕಿತ್ತು, ಹೇಳಲಿಲ್ಲ" ಎಂದಳು.

"ಹಂಗಾರೆ ಈಗ ಮಲಗಿಸು" ಎಂದ ಅಣ್ಣ. ದನಿ ಏರಿತ್ತು. "ಹೆಣ ಕಲಿಸಾಕಿ ಅಲ್ಲೇನು ನೀನು? ಮಲಗಿಸಿ ತೋರ್ಸು. ಮಲಗಿದ್ಲು ಅಂದ್ರೆ ನಾ ಬಾಯಿ ಮುಚ್ಕಂಡು ಕಳಿಸ್ತೀನಿ. ಅಯ್ಯನೋರ ಮುಂದೆ ಹೇಳ್ತೀನಿ."

ಉಚ್ಚೆಂಗಪ್ಪ ಅವಳ ಪಕ್ಕ ಬಂದು ಬಗ್ಗಿದ. "ನೀವು ಒಳಗ್ ಹೋಗ್ರಿ ಮೇಡಂ. ಎಲ್ರನ್ನೂ ಕರ್ಕಂಡು ಹೋಗ್ರಿ. ನಾ ಬಿಡಿಸ್ತೀನಿ. ಐದು ನಿಮಿಷ" ಎಂದ. ಅವನು ಹೇಗೆ ಬಿಡಿಸುತ್ತಾನೆಂದು ಅವಳಿಗೆ ಗೊತ್ತಿತ್ತು. ಭುಜಕ್ಕೆ ಒಂದು ಕೈ, ಮೊಣಕೈಗೆ ಒಂದು ಕೈ. ಮೊಣಕಾಲಿನ ಮೇಲೆ ಭಾರ ಹಾಕಿ ಒತ್ತುವುದು. ಸ್ನಾಯು ಸೋತಾಗ ಬರುವ ಆ ಸಣ್ಣ ಸದ್ದು. ಅಪರಿಚಿತರ ದೇಹಗಳಲ್ಲಿ ಆ ಸದ್ದನ್ನು ಅವಳು ಎಷ್ಟೋ ಸಲ ಕೇಳಿದ್ದಳು, ಮರುಗಳಿಗೆ ಕಾಫಿಯನ್ನೂ ಕುಡಿದಿದ್ದಳು. ಒಳಗೆ ಹೋಗಲಿಲ್ಲ. ಅವ್ವನ ಎದುರು ಮಂಡಿಯೂರಿ ಕೂತು ತಾನೇ ಎರಡೂ ಕೈಯನ್ನು ಅವ್ವನ ಬಲಗಾಲಿನ ಮೇಲಿಟ್ಟಳು. ಮಾಡಬಲ್ಲಳು. ಮಾಡಿದರೆ ಗೆದ್ದಂತೆ. ಮೂವತ್ತು ಜನ ನೋಡುತ್ತಿದ್ದರು. ಕೈ ಒತ್ತಿತು, ಮೊಣಕಾಲು ಗಟ್ಟಿಯಾಗಿ ಎದುರು ನಿಂತಿತು, ಆಗ ಅವಳಿಗೆ ಇದ್ದಕ್ಕಿದ್ದಂತೆ ಅನ್ನಿಸಿತು: ಈ ಷರತ್ತು ಯಾರದು? ಅವ್ವನದ್ದಲ್ಲ. ಅರ್ಜಿಯಲ್ಲಿ ದೇಹ ಮಲಗಿಯೇ ಬರಬೇಕೆಂದು ಎಲ್ಲೂ ಬರೆದಿಲ್ಲ. ಅಣ್ಣನೊಬ್ಬನನ್ನು ಒಪ್ಪಿಸಲು ಅವ್ವನ ಕಾಲು ಮುರಿದಂತೆ ಬಿಡಿಸಬೇಕೇ? ಅವಳು ಕೈ ತೆಗೆದಳು.

"ಮಲಗ್ಸಲ್ಲ" ಎಂದಳು.

"ಆಗಲ್ಲ ಅನ್ನು."

"ಆಗ್ತತೆ. ಮಾಡಲ್ಲ. ಅವ್ವ ಕುಂತೇ ಬರ್ತಾಳೆ." ಅವಳು ಕೂತವರ ಕಡೆ ತಿರುಗಿದಳು. "ಕೇಳ್ರಿ ಎಲ್ರೂ. ಈ ಬಿಗಿ ಅವ್ವನ ಹಟ ಅಲ್ಲ, ಶಿವನ ಅಪ್ಪಣೆನೂ ಅಲ್ಲ. ಉಸಿರು ನಿಂತ ಮ್ಯಾಲೆ ಸ್ನಾಯುವಿಗೆ ಸಡಿಲ ಆಗಾಕ ಬೇಕಾದ ಶಕ್ತಿ ಸಿಗಲ್ಲ, ಅದಕ್ಕೆ ಹಿಡ್ಕಂತೈತೆ. ನಿಮ್ಮದೂ ಹಿಡ್ಕಂತೈತೆ, ನಂದೂ ಹಿಡ್ಕಂತೈತೆ. ಒಂದೆರಡು ದಿನಕ್ಕೆ ಗದ್ದದಿಂದ ಶುರುವಾಗಿ ಹೆಂಗೆ ಬಂತೋ ಹಂಗೇ ಹೋಗ್ತೈತೆ. ಅಷ್ಟೊತ್ತು ಕಾಯಾಕ ನಮಗೆ ಆಗ್ತತೆ. ಅವ್ವನ್ನ ಕುಂದ್ರಿಸಿದ್ದು ನಮ್ಮ ಪದ್ಧತಿ, ಕುಂತೇ ಹೋಗ್ಲಿ. ಕಾಲೇಜಿಗೆ ಹೋಗಾದು ಆಕಿ ಮಾತು, ಅದೂ ಆಗ್ಲಿ." ಇಪ್ಪತ್ತೊಂದು ವರ್ಷದ ಮೊದಲ ಪಾಠ ಒಮ್ಮೆಯಾದರೂ ಅವಳದೇ ಮನೆಯಲ್ಲಿ ಆಯಿತು. ಇವಳು ಡಾಕ್ಟರೋ ಅಲ್ಲವೋ ಎಂದು ಆಗ ಯಾರೂ ಕೇಳಲಿಲ್ಲ.

ಅಣ್ಣ ಸೋಲುವವನಲ್ಲ. "ಮಗ ನಾನು. ನಾ ಒಪ್ಪದೆ ಅದೆಂಗೆ ಒಯ್ತೀರಿ?" ಎಂದು ಉಚ್ಚೆಂಗಪ್ಪನ ಕಡೆ ತಿರುಗಿದ. ಉಚ್ಚೆಂಗಪ್ಪ ಫೈಲು ತೆರೆದು, "ನಿಮ್ಮ ಸೈನೇ ಐತಲ್ರಿ" ಎಂದು ಮುಗ್ಧವಾಗಿ ಕಾಗದ ತೋರಿಸಿದ. ಕರಿಬಸವರಾಜ ಕನ್ನಡಕ ಹಾಕಿಕೊಂಡು ಓದಿದ, ತಾರೀಖು ನೋಡಿದ. ಯಾವ ದಿನವೆಂದು ನೆನಪಾಗಿತ್ತು. ಅವನು ವಾಣಿಯ ಕಡೆ ನೋಡಿದ ರೀತಿಯನ್ನು ಅವಳು ಸಾಯುವತನಕ ಮರೆಯಲಾರಳು. "ನನ್ನ ಕಣ್ಣಿಗೆ ಮಣ್ಣೆರಚಿದ್ಯಲ್ಲೇ" ಎಂದ, ಗದರದೆ. "ಅವ್ವನ ಕಣ್ಣು ತೋರ್ಸಾಕ ಕರ್ಕಂಡ್ ಹೋಗಿ."

"ಹೌದು" ಎಂದಳು ವಾಣಿ. ಸುಳ್ಳಿಗೆ ಹಾದಿ ಇತ್ತು, ಅವ್ವನೇ ಮಾಡಿಸಿದ್ದು ಎಂದರೆ ಸತ್ತವಳೇನು ಎದುರಾಡುತ್ತಿರಲಿಲ್ಲ. "ನಾನೇ ಇಟ್ಟೆ ಆ ಹಾಳೀನ. ಮೋಸನೇ ಅದು. ನಿನ್ನ ಮುಂದೆ ನಿಂತು ಕೇಳೋ ಧೈರ್ಯ ಇರಲಿಲ್ಲ ಅಣ್ಣ. ಅವ್ವಗೂ ಇರಲಿಲ್ಲ. ಈ ಮನ್ಯಾಗ ನಿನ್ನ ಮುಂದೆ ಯಾರಿಗಿತ್ತು ಹೇಳು ಧೈರ್ಯ? ಈಗ ಐತೆ, ಈಗ ಕೇಳ್ತೀನಿ. ಆ ಕಾಗದ ನಿನ್ನ ಕೈಯಾಗೈತೆ. ಮಗ ಒಲ್ಲೆ ಅಂದ್ರೆ ಇವ್ರು ಮುಟ್ಟಂಗಿಲ್ಲ. ಬ್ಯಾಡ ಅಂದ್ರೆ ಹರಿ. ಆದ್ರೆ ಅಡುಗೆಮನ್ಯಾಗ ಅಲ್ಲ, ಇಲ್ಲೇ ಹರಿ. ಅವ್ವನ ಮುಂದೆ ಕುಂತು, ಆಕಿ ಮುಖ ನೋಡ್ಕಂತ ಹರಿ."

ಅವನು ಕೂತ. ಹರಿಯುತ್ತಾನೆ ಎಂದೇ ವಾಣಿಗೆ ಅನ್ನಿಸಿತು. ಅವಳೊಳಗಿನ ಹನ್ನೊಂದು ವ್ಯೂಹಗಳಲ್ಲಿ ಒಂದೂ ಅವಳ ಮಾತು ಕೇಳುತ್ತಿರಲಿಲ್ಲ. ಮಲಗಿದ ಹೆಣದ ಎದುರು ಮನುಷ್ಯ ಏನು ಬೇಕಾದರೂ ಮಾಡಬಹುದು, ಅದು ಮೇಲಕ್ಕೆ ನೋಡುತ್ತಿರುತ್ತದೆ. ಕೂತ ಅವ್ವ ಮಗನ ಮುಖಕ್ಕೆ ಮುಖ ಕೊಟ್ಟು ಕೂತಿದ್ದಳು. ರೆಪ್ಪೆಗಳು ಪೂರ್ತಿ ಮುಚ್ಚಿರಲಿಲ್ಲ. ಅಂಗಡಿಯ ವ್ಯವಹಾರ ಕೇಳಲು ಬಂದವಳಂತೆ, ಬಂದು ಹೇಳು ಎಂದು ಕಾಯುವವಳಂತೆ ಒಂಚೂರು ಮುಂದೆ ಬಾಗಿದ್ದಳು. ಅವನು ಕಾಗದವನ್ನು ಎರಡೂ ಕೈಯಲ್ಲಿ ಹಿಡಿದು ಅವ್ವನ ಮುಖ ನೋಡಿದ. ಕೊನೆಗೆ ಮಡಿಕೆ ಬಿದ್ದ ಹಾಳೆಯನ್ನು ತೊಡೆಯ ಮೇಲೆ ಸವರಿ ಸವರಿ ನೆಟ್ಟಗೆ ಮಾಡಿ ಉಚ್ಚೆಂಗಪ್ಪನಿಗೆ ಕೊಟ್ಟ. "ಒಯ್ರಿ" ಎಂದ. "ನಾ ಹೆಗಲು ಕೊಡಲ್ಲ. ಶಾಮನೂರಾಗ ಗುಣಿ ಬಾಯಿ ತಕ್ಕಂಡು ಕುಂತೈತೆ. ನಾ ಅಲ್ಲಿಗೆ ಹೋಗ್ತೀನಿ." ಅಯ್ಯನವರು ಎದ್ದುಬಂದು ಅವ್ವ ಕೊರಳಲ್ಲಿ ಕಟ್ಟಿಕೊಂಡಿದ್ದ, ಲಿಂಗ ಸುತ್ತಿದ ವಸ್ತ್ರವನ್ನು ಬಿಚ್ಚಿ ಅವನ ಅಂಗೈಯಲ್ಲಿಟ್ಟರು. "ಇದನ್ನ ಒಯ್ದು ಇಡಪ್ಪ. ತೋಡಿದ ಗುಣಿ ಖಾಲಿ ಬಿಡಬ್ಯಾಡ" ಎಂದರು. ಅವನು ವಾಣಿಯ ಕಡೆ ತಿರುಗಿಯೂ ನೋಡದೆ ಹೊರಟುಹೋದ. ಗೆದ್ದೆನೆಂಬ ಸಂತೋಷ ಅವಳಿಗೆ ಎಳ್ಳಷ್ಟೂ ಇರಲಿಲ್ಲ. ಅಣ್ಣನನ್ನು ಕಳೆದುಕೊಂಡೆ ಅನ್ನಿಸಿತು, ಕಳೆದುಕೊಂಡರೂ ಸರಿ ಅನ್ನಿಸಿತು. ಎರಡೂ ಒಟ್ಟಿಗೆ ಅನ್ನಿಸಿದವು.

ಮಣೆಗೆ ನಾಲ್ಕು ಮೂಲೆ. ಉಚ್ಚೆಂಗಪ್ಪ ಒಂದು ಹಿಡಿದ, ಪರಶುರಾಮ್ ಒಂದು, ವಾಣಿ ಒಂದು. ನಾಲ್ಕನೆಯದಕ್ಕೆ ಗಂಡಸರು ಒಬ್ಬರ ಮುಖ ಒಬ್ಬರು ನೋಡಿದರು. ಕರಿಬಸವರಾಜನ ಮುಂದೆ ನಾಳೆ ಅಂಗಡಿಯಲ್ಲಿ ನಿಲ್ಲಬೇಕಾದವರು. ಪದ್ಮಶ್ರೀ ಸೆರಗು ಸೊಂಟಕ್ಕೆ ಸಿಗಿಸಿಕೊಂಡು ಬಂದಳು. "ಸರೀರಿ" ಎಂದು ಅವರನ್ನು ಪಕ್ಕಕ್ಕೆ ತಳ್ಳಿ ವಾಣಿಯ ಪಕ್ಕದ ಮೂಲೆಗೆ ಕೈ ಹಾಕಿದಳು. ಎತ್ತುವಾಗ ಅವಳ ಬೆರಳುಗಳು ವಾಣಿಯ ಬೆರಳುಗಳ ಮೇಲೆ ಕೂತವು, ಬಿಗಿಯಾಗಿ. "ತಗ್ಗಿಸಬ್ಯಾಡ, ಅತ್ತಿ ವಾಲ್ತಾರೆ" ಎಂದಳು. ಅಷ್ಟೇ ಅಂದದ್ದು.

ವ್ಯಾನಿನ ಸ್ಟ್ರೆಚರು ತೆಗೆದು ನೆಲದ ಮೇಲೆ ಮಣೆ ಇಟ್ಟು, ಎದೆಯ ಬಟ್ಟೆಯನ್ನು ಕಿಟಕಿಯ ಸರಳಿಗೆ ಕಟ್ಟಿದರು. ವಾಣಿ ಎದುರು ಕೂತಳು. ದಾವಣಗೆರೆಯ ರಸ್ತೆಯ ಉದ್ದಕ್ಕೂ ಕಾರ್ಖಾನೆಯ ಶಿಫ್ಟು ಬಿಟ್ಟ ಗುತ್ತೂರಿನ ಜನ, ಬೈಕಿನವರು, ಕಿಟಕಿಯಲ್ಲಿ ವಿಭೂತಿಯ ಮುಖ ಕಂಡು ಒಂದು ಕೈ ಎದೆಗಿಟ್ಟು ನಮಸ್ಕರಿಸಿದರು. ಸಮಾಧಿಗೆ ಹೋಗುತ್ತಿದ್ದಾಳೆ ಎಂದೇ ಅವರ ಎಣಿಕೆ. ಅವ್ವ ಉಬ್ಬುತಗ್ಗಿಗೆ ಕದಲದೆ ಕೂತಿದ್ದಳು. ವಾಣಿ ಮೊದಲ ಸಲ ಬಾಯಿ ಬಿಟ್ಟು ಅತ್ತಳು, ಎದೆಗೂಡು ನೋಯುವಷ್ಟು. ಉಚ್ಚೆಂಗಪ್ಪ ಮುಂದಿನ ಸೀಟಿನಿಂದ ಹಿಂತಿರುಗಿ ನೋಡಲಿಲ್ಲ, ಅದು ಅವನ ದೊಡ್ಡತನ.

ಕಾಲೇಜಿನ ಪೋರ್ಟಿಕೋದಲ್ಲಿ ಮುಖ್ಯಸ್ಥರು ಕಾಯುತ್ತಿದ್ದರು. ಕೂತ ದೇಹ ಕಂಡು ಹುಬ್ಬು ಗಂಟಿಕ್ಕಿದರೂ, ಬಿಗಿ ತಾನಾಗಿ ಬಿಡುವವರೆಗೆ ತಂಪು ಕೋಣೆಯಲ್ಲಿ ಹೀಗೇ ಇರಲಿ ಎಂಬುದಕ್ಕೆ ಒಪ್ಪಿದರು. ವಾಣಿಯ ಮುಖ ನೋಡಿದರೆ ಯಾರಾದರೂ ಒಪ್ಪಬೇಕಾದ ಹಾಗಿತ್ತು. ಹಾಲಿನ ಮೂಲೆಯ ಮೇಜಿನಲ್ಲಿ ಉಚ್ಚೆಂಗಪ್ಪ ದೇಹಗಳ ದಪ್ಪ ಪುಸ್ತಕದಲ್ಲಿ ಈ ವರ್ಷದ ಹಾಳೆ ತೆರೆದ. ನಂಬರು, ತಾರೀಖು, ಹೆಂಗಸೋ ಗಂಡಸೋ, ಅಂದಾಜು ವಯಸ್ಸು, ಎಲ್ಲಿಂದ ಬಂತು. ಅವನು ಬರೆಯತೊಡಗಿದ: ಹದಿನೈದು, ಹೆಂಗಸು, ಎಪ್ಪತ್ನಾಲ್ಕು. ವಾಣಿ ಅವನ ಕೈ ಹಿಡಿದಳು. "ಹೆಸ್ರು?"

"ಹೆಸರು ಆಫೀಸ್ ಫೈಲಲ್ಲಿರುತ್ತೆ ಮೇಡಂ" ಎಂದರು ಮುಖ್ಯಸ್ಥರು, ಕನಿಕರದಿಂದಲೇ. "ಇಲ್ಲಿ ನಂಬರ್ ಮಾತ್ರ. ನಿಮಗೆ ಗೊತ್ತಿರೋದೇ ಅಲ್ವಾ? ಇದರಲ್ಲಿ ಹೆಸರಿಗೆ ಕಾಲಮ್ಮೇ ಇಲ್ಲ."

"ಇಲ್ಲ" ಎಂದಳು ವಾಣಿ. "ಇಪ್ಪತ್ತೊಂದು ವರ್ಷದಿಂದ ನೋಡ್ತಾ ಇದೀನಿ, ಇಲ್ಲ." ಮೇಜಿನ ಮೇಲಿದ್ದ ಸ್ಕೇಲನ್ನು ಎಳೆದುಕೊಂಡಳು, ಹಾಳೆಯ ಅಂಚಿನ ಖಾಲಿ ಜಾಗದಲ್ಲಿ ಮೇಲಿನಿಂದ ಕೆಳಗಿನವರೆಗೆ ನೆಟ್ಟಗೆ ಒಂದು ಗೆರೆ ಹಾಕಿದಳು. ಗೆರೆಯ ತಲೆಯ ಮೇಲೆ ದೊಡ್ಡದಾಗಿ ಹೆಸರು ಎಂದು ಬರೆದಳು. ಹದಿನೈದನೆಯ ಸಾಲಿನಲ್ಲಿ ಮರುಳಸಿದ್ದಮ್ಮ ಎಂದು ಬರೆದಳು, ಒಂದೊಂದು ಅಕ್ಷರವನ್ನೂ ಬಿಡಿಸಿ. ಮೇಲಿನ ಹದಿನಾಲ್ಕು ಸಾಲುಗಳಲ್ಲಿ ಹೊಸ ಕಾಲಮ್ಮು ಖಾಲಿ ಉಳಿಯಿತು. ಹಾಲಿನ ಮೇಜುಗಳ ಮೇಲೆ ಅದೇ ಹದಿನಾಲ್ಕು ಜನ ಬಟ್ಟೆ ಹೊದ್ದು ಮಲಗಿದ್ದರು. ಮುಖ್ಯಸ್ಥರು ಬಗ್ಗಿ ಆ ಖಾಲಿ ಮನೆಗಳನ್ನು ನೋಡಿದರು.

"ಇವ್ರ ಹೆಸರೂ ಪೊಲೀಸ್ನೋರ ಹತ್ರ ಕೇಳಿ ತರಿಸ್ರಿ ಸರ್" ಎಂದಳು ವಾಣಿ, ಸ್ಕೇಲನ್ನು ಪುಸ್ತಕದ ಮೇಲೆ ಇಟ್ಟು. "ಸಿಗೋವಷ್ಟು ಸಿಗ್ಲಿ. ಸೋಮವಾರ ಮೊದಲನೇ ಕ್ಲಾಸು ನಂದು. ಹೆಸರು ಹೇಳಿನೇ ನಾನು ಪಾಠ ಶುರು ಮಾಡೋದು."